ಎಣ್ಣೆ ಮೆತ್ತಿದ ಗರಿಗಳು

ಮಳೆಗಾಲದಲ್ಲಿ ಕಡಲದಂಡೆಗೆ ಹೋಗಿ ಬಂದ ಮಕ್ಕಳು ನಮ್ಮ ಮನೆಯಲ್ಲಿ ಸೀದಾ ಒಳಗೆ ಕಾಲಿಡುವಂತಿರಲಿಲ್ಲ. ಅಜ್ಜಿ ಅಂಗಳದಲ್ಲೇ ನಿಲ್ಲಿಸಿ ಅಂಗಾಲು ನೋಡುತ್ತಿದ್ದಳು. ಜೂನ್, ಜುಲೈ ತಿಂಗಳಲ್ಲಿ ಅಲೆಗಳು ತಂದು ಎಸೆಯುವ ಕಪ್ಪು ಡಾಂಬರಿನ ಉಂಡೆಗಳು ಮರಳಿನಲ್ಲಿ ಹುದುಗಿರುತ್ತಿದ್ದವು. ತುಳಿದದ್ದು ಗೊತ್ತಾಗುವುದು ಮನೆಗೆ ಬಂದ ಮೇಲೆಯೇ. ಸೋಪು ಹಚ್ಚಿ ಎಷ್ಟು ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಅದಕ್ಕೆಂದೇ ಬಾವಿಕಟ್ಟೆಯ ಮೇಲೆ ಒಂದು ಬಾಟಲಿಯಲ್ಲಿ ಮುಗ್ಗಲು ತೆಂಗಿನೆಣ್ಣೆ ಇರುತ್ತಿತ್ತು. ಮೊದಲು ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು, ಆಮೇಲೆ ತೆಂಗಿನ ನಾರಿನಲ್ಲಿ ತಿಕ್ಕಬೇಕು, ಕೊನೆಗೆ ಸೀಗೆಪುಡಿ. ಎಣ್ಣೆಯನ್ನು ಎಣ್ಣೆಯೇ ಬಿಡಿಸಬೇಕು ಅನ್ನುವುದು ಅವಳ ಲೆಕ್ಕ.

ನಾನು ಏಳನೆಯ ತರಗತಿಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ ನಮಗೆ ದಂಡೆಯ ಮೇಲೆ ಒಂದು ರೀವ ಸಿಕ್ಕಿತು. ಹೊಟ್ಟೆಯ ಕೆಳಗೆ, ಒಂದು ರೆಕ್ಕೆಯ ಉದ್ದಕ್ಕೆ ಡಾಂಬರು ಮೆತ್ತಿತ್ತು. ನಾವು ಮೂವರು ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದೆವು. ಬಟ್ಟೆ ಒಗೆಯುವ ಪುಡಿಯನ್ನು ಬಾವಿಯ ತಣ್ಣೀರಿನಲ್ಲಿ ಕಲಸಿ, ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ತೊಳೆದೆವು. ಕಪ್ಪು ಅರ್ಧದಷ್ಟು ಹೋಯಿತು. ಎರಡು ಚೊಂಬು ನೀರು ಸುರಿದು, ಒಣಗಲಿ ಎಂದು ಜಗಲಿಯ ಮೂಲೆಯಲ್ಲಿ ಬುಟ್ಟಿ ಮುಚ್ಚಿ ಇಟ್ಟೆವು. ಬೆಳಿಗ್ಗೆ ಅದು ಸತ್ತಿತ್ತು. ತಡವಾಗಿ ಸಿಕ್ಕಿತು, ನಾವೇನು ಮಾಡುವುದಕ್ಕಾಗುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ಬಹಳ ವರ್ಷ ನಾನೂ ಹಾಗೆಯೇ ನಂಬಿದ್ದೆ.

ಈಗ ನಾನು ಪಿಎಚ್.ಡಿ.ಗೆ ಓದುತ್ತಿರುವುದು ಇಪ್ಪತ್ತನೆಯ ಶತಮಾನದ ಹಡಗು ಸಂಚಾರದ ಕುರಿತು. ಹಕ್ಕಿಗಳು ನನ್ನ ವಿಷಯವಲ್ಲ. ಆದರೆ ಕಲ್ಲಿದ್ದಲು ಬಿಟ್ಟು ಎಣ್ಣೆಯಿಂದ ಓಡತೊಡಗಿದ ಹಡಗುಗಳ ಕಡತಗಳನ್ನು ತಿರುವುತ್ತಾ ಹೋದರೆ ಹಕ್ಕಿಗಳು ತಾವಾಗಿಯೇ ಎದುರಾಗುತ್ತವೆ. ಸಮುದ್ರಕ್ಕೆ ಎಣ್ಣೆ ಸುರಿಯುವುದನ್ನು ತಡೆಯುವ ಮೊದಲ ಕಾನೂನುಗಳ ಹಿಂದೆ ದೂರುದಾರರಾಗಿ ಬಂದರಿನವರು, ಮೀನುಗಾರರು, ಕಡಲತೀರದ ಊರಿನವರು ಇದ್ದರು. ಅವರ ಜೊತೆಗೆ ಹಕ್ಕಿಪ್ರೇಮಿಗಳೂ ಇದ್ದರು. ಆ ದಾರಿಯಲ್ಲಿ ಓದುತ್ತಾ ಹೋದಾಗ ನನಗೆ ಒಂದು ಸಂಗತಿ ತಿಳಿಯಿತು. ಆ ಮಳೆಗಾಲದ ಸಂಜೆ ನಾವು ಮೂವರು ಮಕ್ಕಳು ಮಾಡಿದ ಒಂದೊಂದು ತಪ್ಪನ್ನೂ, ನಮಗಿಂತ ಬಹಳ ಮೊದಲು ದೊಡ್ಡವರು ದೊಡ್ಡ ಪ್ರಮಾಣದಲ್ಲಿ ಮಾಡಿ ಮುಗಿಸಿದ್ದರು.

ಮೊದಲು ಗರಿಯ ವಿಷಯ. ಗರಿಯ ನಡುವಿನ ದಂಡದಿಂದ ಎರಡೂ ಬದಿಗೆ ಎಳೆಗಳು ಹೊರಡುತ್ತವೆ. ಆ ಎಳೆಗಳಿಂದ ಇನ್ನೂ ಸೂಕ್ಷ್ಮವಾದ ಕವಲುಗಳು. ಕವಲುಗಳಲ್ಲಿ ಕಣ್ಣಿಗೆ ಕಾಣದ ಕೊಕ್ಕೆಗಳಿದ್ದು, ಪಕ್ಕದ ಎಳೆಯ ಕವಲುಗಳನ್ನು ಹಿಡಿದುಕೊಳ್ಳುತ್ತವೆ. ಬಿದ್ದ ಗರಿಯನ್ನು ಬೆರಳಲ್ಲಿ ಹಿಮ್ಮುಖ ಎಳೆದು ಕೆಡಿಸಿ, ಮತ್ತೆ ಮುಮ್ಮುಖ ಸವರಿ ಕೂಡಿಸಿದ ಆಟ ನಾವೆಲ್ಲ ಆಡಿದ್ದೇವೆ. ಆಗ ಕೂಡುವುದು ಈ ಕೊಕ್ಕೆಗಳೇ. ಹೀಗೆ ಹೆಣೆದ ಜಾಲರಿಯ ಸಂದುಗಳಲ್ಲಿ ಗಾಳಿ ನಿಲ್ಲುತ್ತದೆ, ನೀರು ಮೇಲೆಯೇ ಹನಿಯಾಗಿ ಉರುಳುತ್ತದೆ. ಒಳಗಿನ ತುಪ್ಪುಳ ಒಣಗಿ ಬೆಚ್ಚಗಿರುತ್ತದೆ. ಹಕ್ಕಿಯ ಮೈಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್. ಅದನ್ನು ತಣ್ಣನೆಯ ಕಡಲಿನಿಂದ ಬೇರ್ಪಡಿಸುವುದು ಈ ಗಾಳಿಯ ಪದರ ಮಾತ್ರ.

ಎಣ್ಣೆ ಮೆತ್ತಿದರೆ ಎಳೆಗಳು ಮುದ್ದೆಯಾಗಿ ಜಾಲರಿ ಬಿಟ್ಟುಕೊಳ್ಳುತ್ತದೆ. ನೀರು ಚರ್ಮಕ್ಕೆ ಇಳಿಯುತ್ತದೆ. ರೂಪಾಯಿ ಅಗಲದ ಕಲೆಯಾದರೂ ಸಾಕು, ಕಡಲ ಹಕ್ಕಿಗೆ ಅದು ಚಳಿಗಾಲದ ಅಂಗಿಯಲ್ಲಿ ಬಿದ್ದ ತೂತು. ಹಕ್ಕಿ ತೇಲಲಾರದೆ, ಬೇಟೆಯಾಡಲಾರದೆ ದಡಕ್ಕೆ ಬರುತ್ತದೆ. ಅದಕ್ಕೆ ಗೊತ್ತಿರುವ ಒಂದೇ ಉಪಾಯ ಕೊಕ್ಕಿನಿಂದ ಗರಿ ತೀಡುವುದು. ತೀಡುತ್ತಾ ಎಣ್ಣೆಯನ್ನು ನುಂಗುತ್ತದೆ. ಆಮೇಲೆ ಕರುಳಿನ ಹುಣ್ಣು, ರಕ್ತದ ಕೆಂಪು ಕಣಗಳ ನಾಶ, ಮೂತ್ರಪಿಂಡದ ತೊಂದರೆ. ಅಂದರೆ ನಮ್ಮ ಕೈಗೆ ಸಿಗುವ ಹಕ್ಕಿಗೆ ಎಣ್ಣೆ ಹತ್ತಿರುವುದು ಹೊರಗೆ ಮಾತ್ರವಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಹಡಗುಗಳು ಎಣ್ಣೆಗೆ ಹೊರಳಿದವು. ಟ್ಯಾಂಕು ತೊಳೆದ ನೀರನ್ನು, ತಳದ ಮಡ್ಡಿಯನ್ನು ಸಮುದ್ರಕ್ಕೆ ಸುರಿಯುವುದು ಮಾಮೂಲಾಗಿತ್ತು. ಬ್ರಿಟನ್ನಿನ ತೀರಗಳಲ್ಲಿ ಡಾಂಬರು ಮೆತ್ತಿದ ಹಕ್ಕಿಗಳು ಬಂದು ಬೀಳತೊಡಗಿದವು. 1922ರಲ್ಲಿ ಅಲ್ಲಿ ಇದರ ವಿರುದ್ಧ ಒಂದು ಕಾನೂನೂ ಆಯಿತು. ಆದರೆ ಅದರ ಕೈ ತೀರಕ್ಕೆ ಹತ್ತಿರದ ನೀರಿಗಷ್ಟೇ ಚಾಚುತ್ತಿತ್ತು, ಆಚೆಗೆ ಸುರಿದದ್ದನ್ನು ಅಲೆ ಈಚೆಗೆ ತರುತ್ತಿತ್ತು. ಅಂತರರಾಷ್ಟ್ರೀಯ ಒಪ್ಪಂದಕ್ಕೆ 1954ರವರೆಗೆ ಕಾಯಬೇಕಾಯಿತು. ಈ ಮಧ್ಯೆ ದಂಡೆಯಲ್ಲಿ ಹಕ್ಕಿ ಕಂಡವರು ಮನೆಯಲ್ಲಿ ಇದ್ದದ್ದರಿಂದ ತೊಳೆಯುತ್ತಿದ್ದರು.

1967ರ ಮಾರ್ಚ್ 18ರಂದು 'ಟೋರಿ ಕ್ಯಾನ್ಯನ್' ಎಂಬ ಟ್ಯಾಂಕರು ಇಂಗ್ಲೆಂಡಿನ ಕಾರ್ನ್‌ವಾಲ್ ತುದಿ ಮತ್ತು ಸಿಲಿ ದ್ವೀಪಗಳ ನಡುವಿನ ಸೆವೆನ್ ಸ್ಟೋನ್ಸ್ ಬಂಡೆಗಳಿಗೆ ಬಡಿಯಿತು. ಅದರೊಳಗೆ ಸುಮಾರು 1,19,000 ಟನ್ ಕುವೈತಿನ ಕಚ್ಚಾತೈಲವಿತ್ತು. ಇಷ್ಟು ದೊಡ್ಡ ಅನಾಹುತವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ, ಹಾಗಾಗಿ ಏನು ಮಾಡಬೇಕೆಂದೂ ಯಾರಿಗೂ ಗೊತ್ತಿರಲಿಲ್ಲ. ಸರಕಾರ ಹಡಗಿನ ಮೇಲೆ ಬಾಂಬು ಹಾಕಿಸಿ ಎಣ್ಣೆ ಸುಡಲು ನೋಡಿತು. ಸಮುದ್ರದ ಮೇಲೆ, ಮರಳಿನ ಮೇಲೆ, ಬಂಡೆಗಳ ಮೇಲೆ ಸುಮಾರು 10,000 ಟನ್ ಡಿಟರ್ಜೆಂಟ್ ಸುರಿಯಿತು. ಅವು ಇಂದಿನ ಪಾತ್ರೆ ತೊಳೆಯುವ ದ್ರಾವಣಗಳಲ್ಲ, ಕಾರ್ಖಾನೆಯ ವಿಷಕಾರಿ ಮಿಶ್ರಣಗಳು. ಪ್ಲಿಮತ್‌ನ ಸಾಗರ ವಿಜ್ಞಾನಿಗಳು ಆಮೇಲೆ ಪರಿಶೀಲಿಸಿದಾಗ, ಬಂಡೆಗಳ ಮೇಲಿನ ಜೀವಿಗಳನ್ನು ಎಣ್ಣೆಗಿಂತ ಹೆಚ್ಚಾಗಿ ಕೊಂದದ್ದು ಈ ಡಿಟರ್ಜೆಂಟೇ ಎಂದು ಕಂಡುಬಂತು.

ಹಕ್ಕಿಗಳ ಪಾಡೂ ಹಾಗೆಯೇ ಆಯಿತು. ಬಹುಪಾಲು ಗಿಲ್ಲಿಮಾಟ್, ರೇಜರ್‌ಬಿಲ್ ಎಂಬ ಮುಳುಗು ಹಕ್ಕಿಗಳು. ಜನ ಸುಮಾರು 8,000 ಹಕ್ಕಿಗಳನ್ನು ಹಿಡಿದು ತಂದರು. ಕೆಲವೇ ವಾರಗಳಲ್ಲಿ ಉಳಿದದ್ದು ಕೆಲವು ನೂರು. ಸಹಾಯಕ್ಕೆ ಬಂದವರ ಶ್ರದ್ಧೆಯಲ್ಲಿ ಏನೂ ಕಡಿಮೆ ಇರಲಿಲ್ಲ. ಹಿಡಿದ ಕೂಡಲೇ ತೊಳೆದರು. ಹೆದರಿ, ಹಸಿದು, ಮೈ ತಣ್ಣಗಾಗಿ, ಒಳಗೆ ಎಣ್ಣೆ ನುಂಗಿ ಕೂತ ಜೀವಕ್ಕೆ ಆ ಕ್ಷಣದಲ್ಲಿ ಸ್ನಾನವೇ ದೊಡ್ಡ ಪೆಟ್ಟು. ನಾವು ರೀವಕ್ಕೆ ಮಾಡಿದ ಮೊದಲ ತಪ್ಪು ಇದೇ.

ಈ ಸೋಲಿನಿಂದ ಒಂದು ಒಳ್ಳೆಯದಾಯಿತು. ನ್ಯೂಕಾಸಲ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಣ್ಣೆ ಹತ್ತಿದ ಕಡಲ ಹಕ್ಕಿಗಳಿಗಾಗಿಯೇ ಒಂದು ಸಂಶೋಧನಾ ಘಟಕ ಶುರುವಾಯಿತು. ಅವರ ಮುಂದಿದ್ದ ಪ್ರಶ್ನೆ ಇದು: ತೊಳೆದ ಹಕ್ಕಿ ಶುಭ್ರವಾಗಿ ಕಂಡರೂ ನೀರಿಗೆ ಬಿಟ್ಟರೆ ಯಾಕೆ ಒದ್ದೆಯಾಗಿ ಮುಳುಗುತ್ತದೆ? ಆಗಿನ ನಂಬಿಕೆ, ಬಾಲದ ಬುಡದ ಗ್ರಂಥಿಯಿಂದ ಬರುವ ಸಹಜ ಜಿಡ್ಡೇ ಹಕ್ಕಿಗೆ ರಕ್ಷೆ, ಸೋಪು ಆ ಜಿಡ್ಡನ್ನು ತೆಗೆದುಬಿಡುತ್ತದೆ ಎಂದು. ಹಾಗಾಗಿ ಕೆಲವರು ತೊಳೆದ ಹಕ್ಕಿಗಳನ್ನು ಹೊಸ ಗರಿ ಬರುವತನಕ ತಿಂಗಳುಗಟ್ಟಲೆ ಪಂಜರದಲ್ಲಿ ಇಡುತ್ತಿದ್ದರು. ಅವು ಅಲ್ಲಿ ಕಾಲಿನ ಹುಣ್ಣು, ಶ್ವಾಸಕೋಶದ ಬೂಷ್ಟು ರೋಗ ತಗುಲಿಸಿಕೊಂಡು ಸಾಯುತ್ತಿದ್ದವು.

ನನಗೆ ಈ ಚರಿತ್ರೆಯಲ್ಲಿ ತುಂಬ ಹಿಡಿಸಿದ ಸಂಗತಿ ಇಲ್ಲಿದೆ. ಆ ಪ್ರಶ್ನೆಗೆ ಬೇಕಾದ ಉತ್ತರದ ಮುಖ್ಯ ಭಾಗ 1944ರಲ್ಲೇ ಅಚ್ಚಾಗಿತ್ತು. ಹಕ್ಕಿಶಾಸ್ತ್ರದ ಪತ್ರಿಕೆಯಲ್ಲಲ್ಲ, ಬಟ್ಟೆಯ ವಿಜ್ಞಾನದಲ್ಲಿ. ನೀರು ಹಿಡಿಯದ ಉಣ್ಣೆಬಟ್ಟೆ ತಯಾರಿಸುವುದು ಹೇಗೆಂದು ಇಂಗ್ಲೆಂಡಿನಲ್ಲಿ ಸಂಶೋಧಿಸುತ್ತಿದ್ದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಎಂಬಿಬ್ಬರು ಬಾತುಕೋಳಿಯ ಗರಿಯನ್ನು ನೋಡಿದರು. ಗರಿಗೆ ನೀರು ಹತ್ತದಿರುವುದು ಯಾವುದೋ ವಿಶೇಷ ಜಿಡ್ಡಿನಿಂದಲ್ಲ, ಎಳೆಗಳ ಗಾತ್ರ ಮತ್ತು ಅವುಗಳ ನಡುವಿನ ಅಂತರದಿಂದ, ಎಂದರೆ ನೇಯ್ಗೆಯಿಂದ ಎಂದು ತೋರಿಸಿದರು. ಗ್ರಂಥಿಯ ಜಿಡ್ಡು ಗರಿಯನ್ನು ಮೆದುವಾಗಿ, ಮುರಿಯದಂತೆ ಇಡುತ್ತದೆ, ಆದರೆ ನೀರನ್ನು ತಡೆಯುವ ಮುಖ್ಯ ಕೆಲಸ ನೇಯ್ಗೆಯದು. ಹಾಗಿದ್ದರೆ ಬೇಕಾದದ್ದು ಹೊಸ ಜಿಡ್ಡಲ್ಲ. ಎಣ್ಣೆಯೂ ಉಳಿಯದಂತೆ, ಅದನ್ನು ತೆಗೆದ ಸೋಪೂ ಉಳಿಯದಂತೆ ಗರಿಯನ್ನು ಬರಿದು ಮಾಡುವುದು. ಸೋಪಿನ ಗುಣವೇ ನೀರನ್ನು ಎಳೆಯೊಳಕ್ಕೆ ಕರೆಯುವುದು. ಅದರ ಲೇಪ ಉಳಿದರೆ ಹಕ್ಕಿ ಎಷ್ಟು ಬೆಳ್ಳಗಿದ್ದರೂ ಮುಳುಗುತ್ತದೆ. ನಮ್ಮ ಎರಡು ಚೊಂಬು ನೀರು ನೆನಪಾಗುವುದು ಇಲ್ಲಿಯೇ.

1971ರ ಜನವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಬಳಿ ಮಂಜಿನಲ್ಲಿ ಎರಡು ಟ್ಯಾಂಕರುಗಳು ಡಿಕ್ಕಿಯಾದವು. ಮತ್ತೆ ಸಾವಿರಾರು ಹಕ್ಕಿಗಳು, ಮತ್ತೆ ಸಾವಿರಾರು ಸ್ವಯಂಸೇವಕರು. ಕೈಗೆ ಸಿಕ್ಕ ದ್ರಾವಕ, ಹಿಟ್ಟು, ಎಣ್ಣೆ ಎಲ್ಲವನ್ನೂ ಪ್ರಯೋಗಿಸಿದರು. ಬದುಕಿ ಮರಳಿ ನೀರಿಗೆ ಹೋದದ್ದು ಸುಮಾರು 300. ಅಲ್ಲಿ ಸೇರಿದ್ದವರಲ್ಲಿ ಆಲಿಸ್ ಬರ್ಕ್‌ನರ್ ಎಂಬ ನರ್ಸ್ ಇದ್ದರು. ಪ್ರೀತಿಯೊಂದೇ ಸಾಲದು, ಪದ್ಧತಿ ಬೇಕು ಎಂದು ಅದೇ ವರ್ಷ ಅವರು ಬರ್ಕ್ಲಿಯಲ್ಲಿ 'ಇಂಟರ್‌ನ್ಯಾಷನಲ್ ಬರ್ಡ್ ರೆಸ್ಕ್ಯೂ' ಸಂಸ್ಥೆ ಕಟ್ಟಿದರು. ಆಸ್ಪತ್ರೆಯಲ್ಲಿ ರೋಗಿ ಬಂದ ಕೂಡಲೇ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ, ಮೊದಲು ಚೇತರಿಸಿಕೊಳ್ಳಲು ಬಿಡುತ್ತಾರೆ. ಹಕ್ಕಿಯ ಉಪಚಾರದಲ್ಲೂ ಅದೇ ಕ್ರಮ ಬಂತು. ಮಾರುಕಟ್ಟೆಯ ಮಾರ್ಜಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಪ್ಪತ್ತರ ದಶಕದ ಕೊನೆಗೆ ಅವರು ಬಂದು ನಿಂತದ್ದು 'ಡಾನ್' ಎಂಬ ಪಾತ್ರೆ ತೊಳೆಯುವ ದ್ರಾವಣಕ್ಕೆ. ಜಿಡ್ಡನ್ನು ಬೇಗ ಬಿಡಿಸುತ್ತಿತ್ತು, ಚರ್ಮವನ್ನು ಸುಡುತ್ತಿರಲಿಲ್ಲ, ಸುಲಭವಾಗಿ ತೊಳೆದು ಹೋಗುತ್ತಿತ್ತು. ಅದರ ಕೆಲವು ಅಂಶಗಳು ಪೆಟ್ರೋಲಿಯಮ್ಮಿನಿಂದಲೇ ಬಂದವು ಅನ್ನುವುದು ಈ ಕಥೆಯ ಒಂದು ಕಹಿ ತಮಾಷೆ.

ಇಂದು ಬಲ್ಲವರು ಅನುಸರಿಸುವ ಕ್ರಮ ಹೀಗಿದೆ. ಹಕ್ಕಿಯನ್ನು ಬೆಚ್ಚಗಿನ, ಕತ್ತಲೆಯ, ಗಾಳಿಯಾಡುವ ಜಾಗದಲ್ಲಿ ಇಟ್ಟು ಒಂದೆರಡು ದಿನ ದ್ರವಾಹಾರ ಕೊಡುತ್ತಾರೆ. ತೂಕ, ರಕ್ತ, ಮೈಬಿಸಿ ಸರಿಯಾದ ಮೇಲೆಯೇ ಸ್ನಾನ. ನೀರು ಹಕ್ಕಿಯ ಮೈಬಿಸಿಗೆ ಸಮನಾಗಿ ಸುಮಾರು 40 ಡಿಗ್ರಿ ಇರಬೇಕು. ಮಾರ್ಜಕ ಕೆಲವೇ ಶೇಕಡ. ಗರಿಯನ್ನು ಉಜ್ಜುವಂತಿಲ್ಲ, ನೀರನ್ನು ಗರಿಗಳ ನಡುವೆ ಹಾಯಿಸಬೇಕು. ತಲೆಗೆ, ಕಣ್ಣಿನ ಸುತ್ತ ಮೆದುವಾದ ಹಲ್ಲುಜ್ಜುವ ಬ್ರಷ್ಷು. ಒಂದು ತೊಟ್ಟಿಯ ನೀರು ಕಪ್ಪಾದರೆ ಮುಂದಿನ ತೊಟ್ಟಿ, ನೀರು ತಿಳಿಯಾಗುವತನಕ. ಆಮೇಲೆ ಇನ್ನೂ ಮುಖ್ಯವಾದದ್ದು, ಒತ್ತಡದ ಬಿಸಿನೀರಿನ ಎರಚಲಿನಲ್ಲಿ ಸೋಪು ಬಿಡಿಸುವುದು. ಗರಿಯ ಮೇಲೆ ನೀರು ಮಣಿಮಣಿಯಾಗಿ ಉರುಳತೊಡಗಿದರೆ ಕೆಲಸ ಆಯಿತೆಂದು ಲೆಕ್ಕ. ಇದಕ್ಕೆ ಮೆದು ನೀರೇ ಬೇಕು. ಗಡಸು ನೀರಾದರೆ ಅದರ ಖನಿಜ ಗರಿಯ ಮೇಲೆ ಕೂತು ನೇಯ್ಗೆ ಕೂಡುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ತಲೆಸ್ನಾನ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಣಗಿದ ಮೇಲೆ ಕೊಳಕ್ಕೆ ಬಿಡುತ್ತಾರೆ. ಒಂದೊಂದೇ ಎಳೆಯನ್ನು ಕೊಕ್ಕಿನಿಂದ ತೀಡಿ ಕೊಕ್ಕೆ ಕೂಡಿಸುವ ಕೊನೆಯ ಕೆಲಸ ಹಕ್ಕಿಯದೇ. ಮನುಷ್ಯರ ಕೈಯಿಂದ ಆಗುವಂಥದ್ದಲ್ಲ ಅದು.

ಡಾಂಬರಿನಂತೆ ಗಟ್ಟಿಯಾದ ಹಳೆಯ ಎಣ್ಣೆಯಾದರೆ ಮಾರ್ಜಕ ಸೋಲುತ್ತದೆ. ಆಗ ಮೊದಲು ಮೀಥೈಲ್ ಓಲಿಯೇಟ್ ಎಂಬ, ಸಸ್ಯದ ಎಣ್ಣೆಯಿಂದಲೂ ಮಾಡಬಹುದಾದ ದ್ರವವನ್ನು ಉಗುರುಬೆಚ್ಚಗೆ ಮಾಡಿ ಹಚ್ಚಿ, ಡಾಂಬರು ಮೆತ್ತಗಾದ ಮೇಲೆ ತೊಳೆಯುತ್ತಾರೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ನಮ್ಮ ಕಾಲಿಗೆ ಅಜ್ಜಿ ಮಾಡುತ್ತಿದ್ದದ್ದು ಅದನ್ನೇ. ಹಕ್ಕಿಯ ವಿಷಯದಲ್ಲಿ ಅವಳನ್ನು ಕೇಳಬೇಕೆಂದು ನಮಗೆ ಹೊಳೆದಿರಲಿಲ್ಲ. ಕೇಳಿ ತೆಂಗಿನೆಣ್ಣೆ ಹಚ್ಚಿದ್ದರೂ, ಅದನ್ನು ತೆಗೆಯುವಷ್ಟು ಬಿಸಿನೀರಿಲ್ಲದೆ ರೀವ ಸಾಯುತ್ತಿತ್ತೇನೋ. ಅದು ಬೇರೆ ಮಾತು.

ಇಷ್ಟೆಲ್ಲ ಕಲಿತ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಬಿಟ್ಟ ಹಕ್ಕಿಗಳು ಬದುಕುತ್ತವೆಯೆ? 1989ರಲ್ಲಿ ಅಲಾಸ್ಕಾದಲ್ಲಿ 'ಎಕ್ಸಾನ್ ವಾಲ್ಡೀಜ್' ಒಡೆದಾಗ ಸತ್ತ ಕಡಲ ಹಕ್ಕಿಗಳ ಅಂದಾಜು ಎರಡೂವರೆ ಲಕ್ಷ. ಉಪಚಾರ ಕೇಂದ್ರಗಳಿಗೆ ಬಂದದ್ದು ಸುಮಾರು 1,600, ಅದರಲ್ಲಿ ಬಿಡುಗಡೆಯಾದದ್ದು ಅರ್ಧದಷ್ಟು. 1996ರಲ್ಲಿ 'ಐಬಿಸ್' ಪತ್ರಿಕೆಯಲ್ಲಿ ಬ್ರಯನ್ ಶಾರ್ಪ್ ಎಂಬ ಸಂಶೋಧಕ, ಉತ್ತರ ಅಮೆರಿಕದಲ್ಲಿ ತೊಳೆದು ಉಂಗುರ ತೊಡಿಸಿ ಬಿಟ್ಟ ಹಕ್ಕಿಗಳು ಮತ್ತೆ ಎಲ್ಲಿ, ಯಾವಾಗ ಸಿಕ್ಕವು ಎಂದು ಲೆಕ್ಕ ಹಾಕಿದರು. ಗಿಲ್ಲಿಮಾಟ್‌ಗಳ ಮಟ್ಟಿಗೆ ಉತ್ತರ ಕಠೋರವಾಗಿತ್ತು. ಬಿಟ್ಟ ಮೇಲೆ ಅವುಗಳ ಆಯುಷ್ಯವನ್ನು ದಿನಗಳಲ್ಲಿ ಎಣಿಸಬೇಕಾಗಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕಂದು ಹೆಜ್ಜಾರ್ಲೆಗಳ ಬಗೆಗಿನ ಅಧ್ಯಯನವೂ ನಿರಾಶಾದಾಯಕವಾಗಿಯೇ ಇತ್ತು. ತೊಳೆಯುವುದು ಹಕ್ಕಿಯ ಸಲುವಾಗಿಯೋ, ನಮ್ಮ ಮನಸ್ಸಿನ ಸಮಾಧಾನಕ್ಕೋ? 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆಬಾವಿ ಸ್ಫೋಟಿಸಿದಾಗ, ಇವುಗಳನ್ನು ನೋವಿಲ್ಲದೆ ಕೊಲ್ಲುವುದೇ ದಯೆ ಎಂದು ಜರ್ಮನಿಯ ಜೀವಶಾಸ್ತ್ರಜ್ಞೆಯೊಬ್ಬರು ಬಹಿರಂಗವಾಗಿ ಹೇಳಿ ದೊಡ್ಡ ಚರ್ಚೆಯಾಯಿತು.

ಈ ವಾದಕ್ಕೆ ಎದುರಾಗಿ ಎಲ್ಲರೂ ತೋರಿಸುವುದು ದಕ್ಷಿಣ ಆಫ್ರಿಕವನ್ನು. ಅಲ್ಲಿ 1968ರಲ್ಲೇ ಆಲ್ತಿಯಾ ವೆಸ್ಟ್‌ಫಾಲ್ ಎಂಬಾಕೆ, ಒಂದು ಟ್ಯಾಂಕರಿನಿಂದ ಎಣ್ಣೆ ಚೆಲ್ಲಿದ ಮೇಲೆ, ಪೆಂಗ್ವಿನ್‌ಗಳ ಆರೈಕೆಗೆ 'ಸ್ಯಾನ್‌ಕಾಬ್' ಎಂಬ ಸಂಸ್ಥೆ ಹುಟ್ಟುಹಾಕಿದ್ದರು. 1994ರಲ್ಲಿ 'ಅಪೋಲೋ ಸೀ' ಹಡಗು ಮುಳುಗಿ ಸುಮಾರು 10,000 ಪೆಂಗ್ವಿನ್‌ಗಳಿಗೆ ಎಣ್ಣೆ ಹತ್ತಿತು. ಉಳಿದದ್ದು ಅರ್ಧದಷ್ಟು. ಕೆಲವು ಸಾಗಿಸುವಾಗಲೇ ಸತ್ತಿದ್ದವು, ಹಾಗಾಗಿ ಗಾಳಿಯಾಡುವ ಪೆಟ್ಟಿಗೆಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡರು. 2000ದ ಜೂನ್ 23ರಂದು 'ಟ್ರೆಷರ್' ಎಂಬ ಅದಿರು ಹಡಗು ರಾಬೆನ್ ಮತ್ತು ಡಾಸೆನ್ ದ್ವೀಪಗಳ ನಡುವೆ ಮುಳುಗಿದಾಗ ಆ ಪಾಠ ಕೆಲಸಕ್ಕೆ ಬಂತು. ಮಂಡೇಲಾ ಸೆರೆಯಲ್ಲಿದ್ದ ಅದೇ ರಾಬೆನ್ ದ್ವೀಪ. ಎಣ್ಣೆ ಹತ್ತಿದ ಸುಮಾರು 19,000 ಪೆಂಗ್ವಿನ್‌ಗಳನ್ನು ಕೇಪ್‌ಟೌನಿಗೆ ತಂದರು. ಬಹುಪಾಲನ್ನು ಇಟ್ಟದ್ದು ಸಾಲ್ಟ್ ರಿವರ್‌ನ ಹಳೆಯ ರೈಲ್ವೆ ಶೆಡ್ಡಿನಲ್ಲಿ. ಇನ್ನೂ ಎಣ್ಣೆ ಹತ್ತದ ಸುಮಾರು 19,500ನ್ನು ಲಾರಿಗಳಲ್ಲಿ ಪೂರ್ವಕ್ಕೆ ಪೋರ್ಟ್ ಎಲಿಜಬೆತ್ ಕಡೆಗೆ ಒಯ್ದು ಸಮುದ್ರಕ್ಕೆ ಬಿಟ್ಟರು. ಅವು ಈಜಿಕೊಂಡು ಮನೆಗೆ ಬರುವಷ್ಟರಲ್ಲಿ ಇಲ್ಲಿನ ನೀರು ತಿಳಿಯಾಗಲಿ ಎಂದು. ಪೀಟರ್, ಪರ್ಸಿ, ಪಮೇಲಾ ಎಂದು ಹೆಸರಿಟ್ಟು ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿದ ಮೂರು ಪೆಂಗ್ವಿನ್‌ಗಳ ನೂರಾರು ಕಿಲೋಮೀಟರಿನ ಈಜನ್ನು ಜಗತ್ತು ಅಂತರಜಾಲದಲ್ಲಿ ನೋಡಿತು. 12,000ಕ್ಕೂ ಹೆಚ್ಚು ಸ್ವಯಂಸೇವಕರು ಕಚ್ಚಿಸಿಕೊಳ್ಳುತ್ತಾ, ಪರಚಿಸಿಕೊಳ್ಳುತ್ತಾ ಮೀನು ತಿನ್ನಿಸಿದರು, ತೊಳೆದರು. ತೊಳೆಯಲು ತಂದವುಗಳಲ್ಲಿ ಶೇ. 90ರಷ್ಟು ಕಡಲಿಗೆ ಮರಳಿದವು. ಮುಂದಿನ ವರ್ಷಗಳಲ್ಲಿ ಅವು ಗೂಡು ಕಟ್ಟಿ ಮರಿ ಮಾಡಿದ್ದೂ ದಾಖಲಾಯಿತು.

ಎರಡೂ ಕಡೆಯವರು ಹೇಳುವುದು ನಿಜ. ಪೆಂಗ್ವಿನ್ ಗಟ್ಟಿ ಜೀವ. ನೆಲದ ಮೇಲೆ ದಿನಗಟ್ಟಲೆ ಉಪವಾಸ ನಿಲ್ಲಬಲ್ಲದು, ಮನುಷ್ಯರ ಕೈಯನ್ನು ತಾಳಬಲ್ಲದು. ಗಿಲ್ಲಿಮಾಟ್ ಹಾಗಲ್ಲ. ಜೊತೆಗೆ ಸಂಸ್ಥೆ ಮೂವತ್ತೆರಡು ವರ್ಷದಿಂದ ಅಲ್ಲಿಯೇ ಇತ್ತು, ಪೆಟ್ಟಿಗೆ ತಯಾರಿತ್ತು, ಹಕ್ಕಿ ಹಿಡಿಯಬಲ್ಲವರಿದ್ದರು. ಆದರೂ ಆ ಗೆಲುವನ್ನು ದೊಡ್ಡ ದನಿಯಲ್ಲಿ ಹೇಳಲು ಇಂದು ಮನಸ್ಸಾಗುವುದಿಲ್ಲ. ಬೂತಾಯಿ ಜಾತಿಯ ಮೀನುಗಳು ಕಡಿಮೆಯಾಗಿ ಆಫ್ರಿಕದ ಪೆಂಗ್ವಿನ್ ಈಗ 10,000 ಜೋಡಿಗಿಂತಲೂ ಕೆಳಗಿಳಿದಿದೆ. 2024ರಲ್ಲಿ ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಎಣ್ಣೆಯಿಂದ ಬಿಡಿಸಿಕೊಂಡವು ಈಗ ಹಸಿವಿಗೆ ಸಿಕ್ಕಿವೆ. ಅದನ್ನು ತೊಳೆದು ಕಳೆಯುವ ಮಾರ್ಜಕ ಇಲ್ಲ.

ನಮ್ಮಲ್ಲಿಯೂ ಇದು ದೂರದ ಸುದ್ದಿಯಲ್ಲ. 2017ರ ಜನವರಿಯಲ್ಲಿ ಚೆನ್ನೈ ಪಕ್ಕದ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾದಾಗ ಜನ ಬಕೆಟಿನಲ್ಲಿ ಎಣ್ಣೆ ಬಾಚಿದ ಚಿತ್ರಗಳನ್ನು ನೋಡಿದ್ದೇವೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಮಣಲಿಯ ಕೈಗಾರಿಕಾ ಪ್ರದೇಶದಿಂದ ಎಣ್ಣೆ ಎಣ್ಣೂರು ಅಳಿವೆಗೆ ಇಳಿಯಿತು. ಮೀನುಗಾರರ ದೋಣಿ, ಬಲೆ, ಮೈಯೆಲ್ಲ ಕಪ್ಪಾಯಿತು. ಹೆಜ್ಜಾರ್ಲೆಗಳ ಎದೆಯೂ ಕಪ್ಪಾಯಿತು. ಅರಣ್ಯ ಇಲಾಖೆಯವರು ಅವನ್ನು ಹಿಡಿಯಲು ಹೊರಟಾಗ ಎದುರಾದದ್ದು ಇಂಥ ಎಲ್ಲ ಕಡೆಯೂ ಎದುರಾಗುವ ಇಕ್ಕಟ್ಟು. ಹಾರಲು ಶಕ್ತಿಯಿರುವ ಹಕ್ಕಿ ಕೈಗೆ ಸಿಗುವುದಿಲ್ಲ, ಕೈಗೆ ಸಿಗುವ ಹೊತ್ತಿಗೆ ಅದರಲ್ಲಿ ಶಕ್ತಿ ಉಳಿದಿರುವುದಿಲ್ಲ. ಅವು ನಮ್ಮ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟುವ ಜಾತಿಯವೇ. ಅಲ್ಲಿ ಗೂಡಿನಿಂದ ಬಿದ್ದ ಮರಿಗಳನ್ನು ಊರವರೇ ಮೀನು ಕೊಟ್ಟು ಸಾಕಿ ಬಿಟ್ಟದ್ದುಂಟು. ಹೆಜ್ಜಾರ್ಲೆಯನ್ನು ಕೈಯಲ್ಲಿ ಹಿಡಿದು ಬಲ್ಲವರು ನಮ್ಮ ನಡುವೆಯೇ ಇದ್ದಾರೆ. ಆದರೆ ಇಷ್ಟು ಉದ್ದದ, ಇಷ್ಟು ಹಡಗು ಓಡಾಡುವ ಕರಾವಳಿಯಲ್ಲಿ ಆ ತಿಳಿವಳಿಕೆಯನ್ನು ಅನಾಹುತಕ್ಕೆ ಮೊದಲೇ ಒಂದೆಡೆ ಸೇರಿಸಿ ಇಟ್ಟುಕೊಳ್ಳುವ ಯೋಚನೆಯನ್ನು ನಾವು ಅನಾಹುತದ ಮರುದಿನ ಮಾಡುತ್ತೇವೆ, ಅದರ ಮಾರನೆಯ ದಿನ ಮರೆಯುತ್ತೇವೆ.

ತೊಳೆಯುವುದು ವ್ಯರ್ಥವೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗೆ. ಯಾವ ಹಕ್ಕಿ, ಎಷ್ಟು ಎಣ್ಣೆ, ಯಾರು ತೊಳೆಯುತ್ತಾರೆ ಎಂಬುದರ ಮೇಲಿದೆ. ಸಾಯುವ ಹಕ್ಕಿಯನ್ನು ಹಿಂಸಿಸಿ ತೊಳೆಯುವುದಕ್ಕಿಂತ ಅದಕ್ಕೆ ಶಾಂತವಾದ ಸಾವು ಕೊಡುವುದು ಮೇಲು, ಅದನ್ನು ಒಪ್ಪುತ್ತೇನೆ. ಆದರೆ ಒಂದನ್ನು ಮರೆಯಬಾರದು. ಸಮುದ್ರಕ್ಕೆ ಎಣ್ಣೆ ಸುರಿಯುವುದು ಅಪರಾಧ ಎಂದು ಜಗತ್ತು ಒಪ್ಪಿಕೊಳ್ಳಲು ಅಂಕಿಅಂಶಗಳಷ್ಟೇ ಸಾಕಾಗಲಿಲ್ಲ. ದಂಡೆಯಲ್ಲಿ ಬಗ್ಗಿ ಆ ಕಪ್ಪು ಮುದ್ದೆಯನ್ನು ಕೈಗೆತ್ತಿಕೊಂಡವರು ಮನೆಗೆ ಹೋಗಿ ಪತ್ರ ಬರೆದರು, ಸಭೆ ಸೇರಿಸಿದರು, ಶಾಸಕರನ್ನು ಪೀಡಿಸಿದರು. ಹಕ್ಕಿ ಸತ್ತ ಮೇಲೂ ಆ ಕೆಲಸ ನಡೆಯಿತು.

ನಿಮಗೆ ಎಲ್ಲಾದರೂ ಇಂಥ ಹಕ್ಕಿ ಸಿಕ್ಕರೆ ತೊಳೆಯಬೇಡಿ. ತಲೆಯ ಮೇಲೆ ಬಟ್ಟೆ ಹಾಕಿ, ಕೊಕ್ಕಿನಿಂದ ನಿಮ್ಮ ಕಣ್ಣು ಕಾಪಾಡಿಕೊಂಡು ಎತ್ತಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ಬೆಚ್ಚಗೆ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಸುರಿಯಬೇಡಿ. ಅರಣ್ಯ ಇಲಾಖೆಗೆ, ಪಶುವೈದ್ಯರಿಗೆ ಫೋನ್ ಮಾಡಿ. ಆ ರಾತ್ರಿ ನಮ್ಮ ರೀವಕ್ಕೆ ಬೇಕಾಗಿದ್ದದ್ದು ಇಷ್ಟೇ ಇರಬಹುದು, ಒಣ ಪೆಟ್ಟಿಗೆ ಮತ್ತು ಸ್ವಲ್ಪ ಬಿಸಿ. ಎರಡೂ ನಮ್ಮ ಮನೆಯಲ್ಲಿದ್ದವು.